ಎರಡು ಕೊಳಗ

1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಇವತ್ತು ಆ ಊರಿನ ಹೆಸರು ಹೇಳಿದರೆ ನಮಗೆ ನೆನಪಾಗುವುದು ಉಳುವವನೇ ಹೊಲದೊಡೆಯ ಎಂಬ ಘೋಷಣೆ. ಜಗಳ ಹುಟ್ಟಿದ್ದು ಮಾತ್ರ ಅದಕ್ಕಿಂತ ಸಣ್ಣದಾಗಿ ಕಾಣುವ ಒಂದು ಸಂಗತಿಯಿಂದ, ಅಳತೆಯಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ಅದರ ಮೇಲೆ ಒಡೆಯರ ಮನೆಗೆ ಬಿಟ್ಟಿ ದುಡಿಮೆ. ಗೇಣಿದಾರರು ಬಹುಪಾಲು ದೀವರ ಸಮುದಾಯದವರು. ಅವರನ್ನು ಕೂಡಿಸಿದ್ದು ಎಚ್. ಗಣಪತಿಯಪ್ಪ. ಬೆನ್ನಿಗೆ ಸಮಾಜವಾದಿ ಪಕ್ಷ ಬಂತು, ತೀರ್ಥಹಳ್ಳಿ ಸೀಮೆಯ ಆರಗದಿಂದ ಶಾಂತವೇರಿ ಗೋಪಾಲಗೌಡರು ಬಂದರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಕೊಳಗದ ತಕರಾರು ದೇಶದ ಸುದ್ದಿಯಾಯಿತು.

ಕುರ್‌ಆನಿನ 83ನೆಯ ಅಧ್ಯಾಯ ಶುರುವಾಗುವುದೇ ಇಂಥ ಜನರ ಮೇಲಿನ ಸಿಟ್ಟಿನಿಂದ. ತಾವು ಪಡೆಯುವಾಗ ತುಂಬಿ ತುಳುಕುವಂತೆ ಅಳೆಸಿಕೊಂಡು, ತಾವು ಕೊಡುವಾಗ ಕಡಿಮೆ ಅಳೆಯುವವರಿಗೆ ಕೇಡು ಕಾದಿದೆ ಎಂದು ಅದು ಹೇಳುತ್ತದೆ. ಒಂದು ದಿನ ಎದ್ದು ನಿಂತು ಲೆಕ್ಕ ಕೊಡಬೇಕಾಗುತ್ತದೆ ಎಂಬ ಯೋಚನೆಯೇ ಇವರಿಗೆ ಇಲ್ಲವೇ ಎಂದು ಕೇಳುತ್ತದೆ. ಮೂರ್ತಿಪೂಜೆಯ ಬಗ್ಗೆ, ಪ್ರಾರ್ಥನೆಯ ಬಗ್ಗೆ ಅಲ್ಲಿ ಮೊದಲ ಮಾತಿಲ್ಲ. ವ್ಯಾಪಾರದ ಊರಾದ ಮಕ್ಕಾದ ಹಿನ್ನೆಲೆಯಲ್ಲಿ ನೋಡಿದರೆ ಇದು ಸಹಜ. ಧರ್ಮದ ಪರೀಕ್ಷೆ ಅಲ್ಲಿ ತಕ್ಕಡಿಯ ಮುಂದೆಯೇ ನಡೆಯಬೇಕಿತ್ತು.

ಕಾಗೋಡಿಗೂ ಇಸ್ಲಾಮಿಗೂ ನೇರ ನಂಟು ಇಲ್ಲ. ಹೋರಾಡಿದವರು, ಎದುರು ನಿಂತವರು, ಮುಂದಾಳುಗಳು ಎಲ್ಲರೂ ಬೇರೆ ಬೇರೆ ನಂಬಿಕೆಗಳವರು. ಆದರೂ ನಾನು ಅಲ್ಲಿಂದಲೇ ಹೊರಡುವುದಕ್ಕೆ ಕಾರಣ ಇದೆ. ದಬ್ಬಾಳಿಕೆಗೆ ಸಿಕ್ಕವರನ್ನು ಕಾಪಾಡುವುದು ಕರ್ತವ್ಯ ಎಂದು ಇಸ್ಲಾಮೀ ಚಿಂತನೆ ಹೇಳುತ್ತದೆ ಎಂದ ತಕ್ಷಣ ಕೇಳುವವರ ಮನಸ್ಸು ಗಾಜಾ, ಕಾಶ್ಮೀರ, ಬೋಸ್ನಿಯಾಗಳತ್ತ ಓಡುತ್ತದೆ. ಮುಸ್ಲಿಮರು ಮುಸ್ಲಿಮರನ್ನು ಕಾಪಾಡುವ ಮಾತು ಇದು ಎಂದು ಹೇಳುವವರೂ ಕೇಳುವವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ನನ್ನ ವಾದ ಇಷ್ಟೆ: ಆ ಪರಂಪರೆಯ ಗಟ್ಟಿಯಾದ ಭಾಗದಲ್ಲಿ ಕರ್ತವ್ಯ ಅಂಟಿಕೊಂಡಿರುವುದು ನಡೆದ ಅನ್ಯಾಯಕ್ಕೆ. ನೊಂದವನ ಜಾತಿ, ನೋಯಿಸಿದವನ ಮತ ಎರಡೂ ಆಮೇಲಿನ ಮಾತು. ಅದನ್ನು ‘ನಮ್ಮವರಿಗೆ’ ಎಂದು ಕುಗ್ಗಿಸಿದವರು, ಯಾವ ಕಡೆಯವರೇ ಆಗಿರಲಿ, ಎರಡು ಕೊಳಗ ಇಟ್ಟುಕೊಂಡವರು.

ಇದಕ್ಕೆ ಮೊದಲ ಸಾಕ್ಷಿ ಇಸ್ಲಾಮಿಗಿಂತ ಹಳೆಯದು. ಯೆಮೆನ್ ಕಡೆಯ ಒಬ್ಬ ವ್ಯಾಪಾರಿ ಮಕ್ಕಾಕ್ಕೆ ಸರಕು ತಂದ. ಊರಿನ ದೊಡ್ಡ ಕುಳ ಆಸ್ ಇಬ್ನ್ ವಾಇಲ್ ಸರಕು ಕೊಂಡು ಹಣ ಕೊಡಲಿಲ್ಲ. ವ್ಯಾಪಾರಿಗೆ ಅಲ್ಲಿ ಕುಲ ಇಲ್ಲ, ನೆಂಟರಿಲ್ಲ, ಅವನ ಪರವಾಗಿ ಕತ್ತಿ ಹಿರಿಯುವವರಿಲ್ಲ. ಅವನು ಅಬೂ ಕುಬೈಸ್ ಗುಡ್ಡ ಹತ್ತಿ, ಕಾಬಾದ ಸುತ್ತ ಕುಳಿತ ಕುರೈಷರಿಗೆ ಕೇಳುವಂತೆ ತನಗಾದ ಮೋಸವನ್ನು ಕೂಗಿ ಹೇಳಿದ. ಕೆಲವು ಮನೆತನಗಳವರಿಗೆ ನಾಚಿಕೆಯಾಯಿತು. ಅಬ್ದುಲ್ಲಾ ಇಬ್ನ್ ಜುದ್‌ಆನನ ಮನೆಯಲ್ಲಿ ಸೇರಿ ಆಣೆ ಮಾಡಿದರು: ಮಕ್ಕಾದಲ್ಲಿ ಊರಿನವನಿಗಾಗಲಿ ಪರಸ್ಥಳದವನಿಗಾಗಲಿ ಅನ್ಯಾಯವಾದರೆ, ಅವನ ಹಕ್ಕು ಮರಳುವ ತನಕ ನಾವೆಲ್ಲ ಒಂದೇ ಕೈಯಾಗಿ ಅವನ ಜೊತೆ ನಿಲ್ಲುತ್ತೇವೆ ಎಂದು. ಹಿಲ್ಫುಲ್ ಫುದೂಲ್ ಎಂದು ಇದಕ್ಕೆ ಹೆಸರು. ಆಗ ಇಪ್ಪತ್ತರ ಆಸುಪಾಸಿನವರಾಗಿದ್ದ ಮುಹಮ್ಮದರು ಆ ಸಭೆಯಲ್ಲಿದ್ದರು. ಪ್ರವಾದಿಯಾದ ಮೇಲೆ ಅವರು ಅದನ್ನು ಮೆಚ್ಚಿ ನೆನೆದರು, ಈಗಲೂ ಅಂಥ ಕರೆ ಬಂದರೆ ಓಗೊಡುವುದಾಗಿ ಹೇಳಿದರು ಎಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ.

ಈ ಕಥೆಯನ್ನು ಮೌಲವಿಗಳು ಪ್ರವಾದಿಯ ಸದ್ಗುಣಕ್ಕೆ ಉದಾಹರಣೆಯಾಗಿ ಹೇಳಿ ಮುಂದೆ ಹೋಗುತ್ತಾರೆ. ಅಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಆಣೆ ಮಾಡಿದವರು ಮೂರ್ತಿಪೂಜಕರು. ನೊಂದವನು ಅವರಿಗೆ ಏನೂ ಆಗಬೇಕಾದವನಲ್ಲ. ತಪ್ಪು ಮಾಡಿದವನು ಅವರದೇ ಊರಿನವನು, ಅವರದೇ ಕುರೈಷ್ ಬುಡಕಟ್ಟಿನ ಬಲಾಢ್ಯ. ಹೊರಗಿನ ಶತ್ರುವಿನಿಂದ ಒಳಗಿನವರನ್ನು ಕಾಪಾಡುವುದು ಎಲ್ಲ ಬುಡಕಟ್ಟುಗಳಿಗೂ ಗೊತ್ತಿದ್ದ ವಿದ್ಯೆ. ಇಲ್ಲಿ ಆದದ್ದು ಅದರ ತಿರುವುಮುರುವು. ನಾಲ್ಕನೆಯ ಅಧ್ಯಾಯದ 135ನೆಯ ವಚನ, ನಿಮ್ಮ ಮೇಲೆಯೇ, ತಂದೆತಾಯಿಯ ಮೇಲೆ, ಬಂಧುಗಳ ಮೇಲೆ ಬರುವುದಾದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಿ ಎಂದು ಕೇಳುವಾಗ, ಐದನೆಯ ಅಧ್ಯಾಯದ 8ನೆಯ ವಚನ ಒಂದು ಜನದ ಮೇಲಿನ ಹಗೆ ನಿಮ್ಮನ್ನು ನ್ಯಾಯ ತಪ್ಪಿಸದಿರಲಿ ಎಂದು ಎಚ್ಚರಿಸುವಾಗ, ಅದೇ ತಿರುವು ಮತ್ತೆ ಕಾಣುತ್ತದೆ. ಮಮತೆ, ಹಗೆ ಎರಡೂ ಅಳತೆ ಕೆಡಿಸುತ್ತವೆ ಎಂಬ ತಿಳಿವು ಅದು. ಮುಂದೆ ಉಮಯ್ಯದ್ ಆಡಳಿತದ ಮದೀನಾದಲ್ಲಿ, ಆಸ್ತಿಯ ವಿಷಯದಲ್ಲಿ ರಾಜ್ಯಪಾಲ ವಲೀದ್ ಒತ್ತಡ ಹಾಕಿದಾಗ, ಪ್ರವಾದಿಯ ಮೊಮ್ಮಗ ಹುಸೈನ್ ಕೂಡ ಇದೇ ಹಳೆಯ ಆಣೆಯ ಹೆಸರಲ್ಲಿ ಜನರನ್ನು ಕರೆಯುತ್ತೇನೆ ಎಂದು ಬೆದರಿಸಿದರಂತೆ. ಮುಸ್ಲಿಂ ಅಧಿಕಾರಿಯ ಎದುರು ಇಸ್ಲಾಂಪೂರ್ವ ಕಾಲದ ಒಪ್ಪಂದ!

ಕಾಪಾಡುವ ಕಥೆಯಷ್ಟೇ ಮುಖ್ಯ ಕಾಪಾಡಿಸಿಕೊಂಡ ಕಥೆ. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮೊದಲ ಮುಸ್ಲಿಮರ ಒಂದು ಗುಂಪು ಕ್ರಿ.ಶ. 615ರ ಸುಮಾರಿಗೆ ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋಯಿತು. ಅಲ್ಲಿನ ದೊರೆ ಕ್ರೈಸ್ತ. ಕುರೈಷರ ದೂತರು ಉಡುಗೊರೆ ಹೊತ್ತು ಹೋಗಿ ಇವರನ್ನು ಒಪ್ಪಿಸಿಬಿಡಿ ಎಂದರೂ ಅವನು ಒಪ್ಪಿಸಲಿಲ್ಲ. ಕೆಲವು ವರ್ಷಗಳ ಬಳಿಕ ತಾಯಿಫ್‌ನಲ್ಲಿ ಕಲ್ಲೇಟು ತಿಂದು ಮರಳಿದ ಪ್ರವಾದಿಗೆ ಸ್ವಂತ ಊರಿಗೆ ಕಾಲಿಡುವುದಕ್ಕೂ ಯಾರದಾದರೂ ಅಭಯ ಬೇಕಿತ್ತು. ಕೊಟ್ಟವನು ಮುತ್‌ಇಮ್ ಇಬ್ನ್ ಅದಿ. ಅವನು ಕೊನೆಯವರೆಗೂ ಇಸ್ಲಾಂ ಒಪ್ಪಲಿಲ್ಲ. ಬದ್ರ್ ಯುದ್ಧದ ನಂತರ ಪ್ರವಾದಿಯವರು, ಮುತ್‌ಇಮ್ ಬದುಕಿದ್ದು ಈ ಸೆರೆಯಾಳುಗಳನ್ನು ಬಿಡು ಎಂದಿದ್ದರೆ ಅವನಿಗಾಗಿ ಬಿಟ್ಟುಬಿಡುತ್ತಿದ್ದೆ ಎಂದು ನೆನೆದದ್ದು ಬುಖಾರಿಯ ಹದೀಸ್ ಸಂಗ್ರಹದಲ್ಲಿದೆ. ಅನ್ಯರ ನೆರಳಲ್ಲಿ ಉಸಿರು ಉಳಿಸಿಕೊಂಡ ಒಂದು ಧರ್ಮ, ಒಂಬತ್ತನೆಯ ಅಧ್ಯಾಯದ 6ನೆಯ ವಚನದಲ್ಲಿ, ಯುದ್ಧದ ಆಜ್ಞೆಗಳ ನಟ್ಟನಡುವೆಯೇ, ಬಹುದೇವಾರಾಧಕನೊಬ್ಬ ಆಶ್ರಯ ಕೇಳಿದರೆ ಕೊಡಿ, ಆಮೇಲೆ ಅವನಿಗೆ ಸುರಕ್ಷಿತವಾದ ಜಾಗಕ್ಕೆ ಮುಟ್ಟಿಸಿ ಎಂದು ಹೇಳುತ್ತದೆ. ಅದಕ್ಕೆ ಮೊದಲಿನ, ಬಹುದೇವಾರಾಧಕರನ್ನು ಕೊಲ್ಲಿ ಎನ್ನುವ ಐದನೆಯ ವಚನವನ್ನು ಎತ್ತಿ ತೋರಿಸುವವರೂ, ಅದನ್ನೇ ಹಿಡಿದು ಹೋರಾಟಕ್ಕೆ ಕರೆಯುವವರೂ ಆರನೆಯದರ ತನಕ ಓದುವ ತಾಳ್ಮೆ ತೋರುವುದಿಲ್ಲ ಎಂಬುದೊಂದು ವಿಚಿತ್ರ ಸಾಮ್ಯ.

ಆರನೆಯ ವಚನ ಹೇಳಿದ್ದನ್ನು ಅಕ್ಷರಶಃ ನಡೆಸಿಕೊಟ್ಟ ಒಬ್ಬಳು ನಮ್ಮ ಹೊಸನಗರ ಸೀಮೆಯಲ್ಲೇ ಇದ್ದಳು. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ಅವನ ತಮ್ಮ ರಾಜಾರಾಮ ದಕ್ಷಿಣದ ಜಿಂಜಿಗೆ ತಪ್ಪಿಸಿಕೊಂಡು ಹೊರಟ. ದಾರಿಯಲ್ಲಿ ಕೆಳದಿ ರಾಜ್ಯ. ರಾಜಧಾನಿ ಬಿದನೂರು, ಇವತ್ತಿನ ನಗರ. ಮೊಗಲರ ಸೇನೆ ಹಿಂದೆಯೇ ಬರುತ್ತದೆಂದು ಗೊತ್ತಿದ್ದೂ ರಾಣಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟಳು, ಮುಂದಿನ ದಾರಿಗೂ ಸಾಗಿಸಿದಳು. ಸೇನೆ ಬಂತು, ಮಲೆನಾಡಿನ ಕಾಡಿನಲ್ಲಿ ಕಾದಾಡಿ ಬಸವಳಿದು ಸಂಧಿ ಮಾಡಿಕೊಂಡಿತು. ಮರಾಠರು ಕೆಳದಿಗೆ ಆಪ್ತರೇನೂ ಆಗಿರಲಿಲ್ಲ. ಆ ಹುಡುಗನ ಹಿಂದೆ ಬಂದ ಚಕ್ರವರ್ತಿಯಾದರೋ ಹನಫಿ ನ್ಯಾಯಶಾಸ್ತ್ರದ ಬೃಹತ್ ಸಂಕಲನ ‘ಫತಾವಾ ಆಲಂಗೀರಿ’ಯನ್ನು ಮಾಡಿಸಿದವನು. ಆಶ್ರಯದ ಧರ್ಮ ಅವನ ಗ್ರಂಥಾಲಯದಲ್ಲಿತ್ತು, ನಡೆದದ್ದು ಲಿಂಗಾಯತ ರಾಣಿಯ ಅರಮನೆಯಲ್ಲಿ. ಇದರಿಂದ ಇಸ್ಲಾಂ ಸೋತಿತು ಎಂದು ಹಿಗ್ಗುವವರಿಗೂ, ಇದನ್ನು ಹೇಳಲೇಬಾರದು ಎಂದು ಮುಖ ತಿರುಗಿಸುವವರಿಗೂ ಮುತ್‌ಇಮ್‌ನ ಕಥೆ ಗೊತ್ತಿದ್ದರೆ ಚೆನ್ನಾಗಿತ್ತು. ಚೆನ್ನಮ್ಮ ಅವನ ಸಾಲಿನವಳು.

ಇನ್ನು ಒಂದು ಗಂಭೀರ ಆಕ್ಷೇಪ. ಕಾಪಾಡುವವನು ಮೇಲೆ, ಕಾಪಾಡಿಸಿಕೊಳ್ಳುವವನು ಕೆಳಗೆ ಎಂಬ ಏಣಿ ಇಸ್ಲಾಮೀ ರಾಜ್ಯಗಳಲ್ಲಿ ಇರಲಿಲ್ಲವೇ? ಇತ್ತು. ಜಿಝಿಯಾ ತೆರಿಗೆ ಕೊಟ್ಟು ‘ರಕ್ಷಣೆ’ ಪಡೆದ ಅನ್ಯಮತೀಯನಿಗೆ ಜೀವ, ಆಸ್ತಿ, ಪೂಜೆಯ ಭದ್ರತೆ ಇತ್ತು, ಸರಿಸಮಾನತೆ ಇರಲಿಲ್ಲ. ಆ ವ್ಯವಸ್ಥೆಯ ಒಳಗೂ ಎತ್ತರದ ಗಳಿಗೆಗಳಿವೆ ಎಂಬುದು ನಿಜ. ಸಿರಿಯಾದ ಹಿಮ್ಸ್ ಪಟ್ಟಣದಿಂದ ಬೈಜಾಂಟೈನ್ ಸೇನೆಯ ಎದುರು ಹಿಂದೆ ಸರಿಯಬೇಕಾಗಿ ಬಂದಾಗ ಮುಸ್ಲಿಂ ಸೇನೆಯವರು, ಇನ್ನು ನಿಮ್ಮನ್ನು ಕಾಪಾಡಲಾರೆವು ಎಂದು ವಸೂಲು ಮಾಡಿದ ತೆರಿಗೆಯನ್ನು ಅಲ್ಲಿನ ಕ್ರೈಸ್ತರಿಗೆ ಹಿಂದಿರುಗಿಸಿದ ಪ್ರಸಂಗವನ್ನು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಕಾಪಾಡಲಾಗದ ಸರ್ಕಾರಕ್ಕೆ ತೆರಿಗೆಯ ಹಕ್ಕಿಲ್ಲ ಎಂಬ ಆ ನಿಲುವು ಇವತ್ತಿನ ಪಂಚಾಯಿತಿಯಿಂದ ದಿಲ್ಲಿಯವರೆಗೆ ಯಾರಿಗೂ ರುಚಿಸಲಾರದು. ಆದರೆ ಅಂಥ ಗಳಿಗೆಗಳನ್ನು ತೋರಿಸಿ ಆ ಏಣಿಯೇ ಇರಲಿಲ್ಲ ಎಂದು ವಾದಿಸುವುದು ಅಪ್ರಾಮಾಣಿಕತೆ. ಅದನ್ನು ಮರಳಿ ತರಬೇಕೆಂದು ಕನಸು ಕಾಣುವವರ ಜೊತೆ ನನಗೆ ಮಾತೇ ಇಲ್ಲ. 1950ರ ಸಂವಿಧಾನದ ಕೆಳಗೆ ಕಾಪಾಡುವವನು, ಕಾಪಾಡಿಸಿಕೊಳ್ಳುವವನು ಇಬ್ಬರೂ ಒಂದೇ ನಾಗರಿಕ. ಹಾಗಿದ್ದಾಗ ಈ ಪರಂಪರೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ರಾಜ್ಯದ ‘ರಕ್ಷಣೆ’ಗಿಂತ ಹೆಚ್ಚಾಗಿ ಅಬ್ದುಲ್ಲಾ ಇಬ್ನ್ ಜುದ್‌ಆನನ ಮನೆಯ ಆಣೆ. ಅದು ಸಮಾನರು ಸೇರಿ ಮಾಡಿದ್ದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಕೈ ಎತ್ತುವ ಅಧಿಕಾರ ಯಾರಿಗೆ ಎಂಬುದು. ಕೇಡನ್ನು ಕಂಡವನು ಕೈಯಿಂದ ಬದಲಿಸಬೇಕು, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ ಎಂಬ ಪ್ರಸಿದ್ಧ ಹದೀಸ್ ಇದೆ. ನಾಲ್ಕನೆಯ ಅಧ್ಯಾಯದ 75ನೆಯ ವಚನ, ಈ ದಬ್ಬಾಳಿಕೆಯ ಊರಿನಿಂದ ನಮ್ಮನ್ನು ಪಾರು ಮಾಡು ಎಂದು ಮೊರೆಯಿಡುವ ದುರ್ಬಲ ಗಂಡಸರು, ಹೆಂಗಸರು, ಮಕ್ಕಳಿಗಾಗಿ ನೀವೇಕೆ ಹೋರಾಡುವುದಿಲ್ಲ ಎಂದು ನೇರವಾಗಿ ಕೇಳುತ್ತದೆ. ಇದು ಯುದ್ಧದ ಮಾತಲ್ಲ ಎಂದು ತೇಲಿಸಿಬಿಡುವುದು ಸಲ್ಲ, ಯುದ್ಧದ ಮಾತೇ. ಪ್ರಶ್ನೆ ಇರುವುದು, ಅದು ಯಾರಿಗೆ, ಯಾವ ಸ್ಥಿತಿಯಲ್ಲಿ ಎಂಬುದರಲ್ಲಿ. ಇಸ್ಲಾಮಿನ ಮೊದಲ ಶತಮಾನದಲ್ಲೇ ಖವಾರಿಜರೆಂಬ ಪಂಗಡ ಇದಕ್ಕೆ ಒಂದು ಉತ್ತರ ಕಂಡುಕೊಂಡಿತು: ನಮಗೆ ಅನ್ಯಾಯವಾಗಿ ಕಂಡದ್ದೆಲ್ಲ ಅಧರ್ಮ, ಅದನ್ನು ಮಾಡಿದವನೂ ಒಪ್ಪಿದವನೂ ಧರ್ಮಭ್ರಷ್ಟ, ಕೊಲ್ಲಬಹುದು. 661ರಲ್ಲಿ ಅವರ ಕತ್ತಿಗೆ ಬಿದ್ದದ್ದು ಪ್ರವಾದಿಯ ಅಳಿಯ ಅಲಿ. ಆ ಪೆಟ್ಟಿನ ಬಳಿಕ ಬಂದ ವಿದ್ವಾಂಸರು ನೂರಾರು ವರ್ಷ ಈ ಕೈಯ ವಿಷಯದಲ್ಲೇ ತಲೆ ಕೆಡಿಸಿಕೊಂಡರು.

ಮಲೆನಾಡಿನ ಉರ್ದು ಮಾತಿನ ಮುಸ್ಲಿಮರು ಬಹುಪಾಲು ಹನಫಿಗಳು. ಘಟ್ಟ ಹತ್ತಿ ಬಂದ ಬ್ಯಾರಿಗಳು ಶಾಫಿಗಳು. ಇಬ್ಬರ ಗುರುಮನೆಗಳಲ್ಲೂ ಇದಕ್ಕೆ ಪಾಠ ಇದೆ. ಅಬೂ ಹನೀಫಾ ಖಲೀಫ ಮನ್ಸೂರ್ ಕೊಟ್ಟ ನ್ಯಾಯಾಧೀಶನ ಪದವಿಯನ್ನು ಬೇಡವೆಂದರು, ಸೆರೆಗೆ ಹೋದರು, 767ರಲ್ಲಿ ತೀರಿಕೊಂಡರು. ಅನ್ಯಾಯದ ಆಡಳಿತದ ಮೊಹರು ಆಗಲಾರೆ ಎಂಬ ನಿರಾಕರಣೆ ಅದು. ಇತ್ತ ಶಾಫಿ ಪಂಥದ ಗಝಾಲಿ (ತೀರಿಕೊಂಡದ್ದು 1111ರಲ್ಲಿ) ‘ಇಹ್ಯಾ ಉಲೂಮುದ್ದೀನ್’ನಲ್ಲಿ ಕೇಡನ್ನು ತಡೆಯುವುದಕ್ಕೆ ಮೆಟ್ಟಿಲುಗಳನ್ನೇ ಕಟ್ಟಿಕೊಟ್ಟರು: ಮೊದಲು ವಿಷಯ ತಿಳಿಸು, ಆಮೇಲೆ ಬುದ್ಧಿ ಹೇಳು, ಗದರು, ಹೀಗೆ ಏರುತ್ತಾ ಜನ ಕಟ್ಟಿಕೊಂಡು ಆಯುಧ ಹಿಡಿಯುವ ಮೆಟ್ಟಿಲು ಕೊನೆಯದು. ಅದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ ಎಂದು ಅವರೇ ಹೇಳುತ್ತಾರೆ. ಅರಾಜಕತೆ ಹುಟ್ಟುತ್ತದೆಂದು ಅನೇಕರು ಅದನ್ನು ಖಾಸಗಿಯವರ ಕೈಗೆ ಕೊಡಲೇ ಇಲ್ಲ. ತಡೆಯಲು ಹೋಗಿ ಅದಕ್ಕಿಂತ ದೊಡ್ಡ ಕೇಡು ಹುಟ್ಟಿಸಬಾರದು ಎಂಬುದು ಎಲ್ಲ ಮೆಟ್ಟಿಲಿಗೂ ಅನ್ವಯ. ಖಲೀಫ ಉಮರ್ ಒಬ್ಬನ ಮನೆಯ ಗೋಡೆ ಹಾರಿ ಒಳಗೆ ನಡೆಯುತ್ತಿದ್ದ ಪಾಪವನ್ನು ಹಿಡಿಯಲು ಹೋದ ಕಥೆಯನ್ನೂ ಗಝಾಲಿ ತರುತ್ತಾರೆ. ಸಿಕ್ಕಿಬಿದ್ದವನು, ನಾನು ಒಂದು ತಪ್ಪು ಮಾಡಿದ್ದರೆ ನೀವು ಮೂರು ಮಾಡಿದಿರಿ, ಇಣುಕಿ ನೋಡಿದಿರಿ, ಬಾಗಿಲಿನಿಂದ ಬರಲಿಲ್ಲ, ಸಲಾಂ ಹೇಳಲಿಲ್ಲ ಎಂದನಂತೆ. ಉಮರ್ ಬಿಟ್ಟು ಹೊರಟರು. ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಬಸ್ಸಿನಲ್ಲಿ, ಐಸ್‌ಕ್ರೀಂ ಅಂಗಡಿಯಲ್ಲಿ ಹುಡುಗ ಹುಡುಗಿಯರ ಹೆಸರು ಕೇಳಿ ಹೊಡೆಯುವ ಎರಡೂ ಮತದ ‘ರಕ್ಷಕ’ರಿಗೆ ಈ ಕಥೆಯನ್ನು ಯಾರಾದರೂ ಹೇಳಬೇಕು.

2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಓಡುತ್ತಿದ್ದ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿಯಿತು. ಆರೋಪಿ ತೀರ್ಥಹಳ್ಳಿಯವನು. ತಪ್ಪು ಒಪ್ಪುಗಳನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ವಾದವನ್ನಷ್ಟೇ ನಾನು ನೋಡುವುದು. ಐಸಿಸ್ ಮಾದರಿಯ ಪ್ರಚಾರ ಹುಡುಗರ ಮುಂದಿಡುವ ಸರಕು ಬೇರೇನಲ್ಲ, ಇದೇ 75ನೆಯ ವಚನ: ನಿಮ್ಮವರು ನರಳುತ್ತಿದ್ದಾರೆ, ಏಳಿ. ಅದರ ಉತ್ತರವಾಗಿ ಸುಟ್ಟು ಆಸ್ಪತ್ರೆ ಸೇರಿದವನು ಆಟೊ ಓಡಿಸಿ ಹೊಟ್ಟೆ ಹೊರೆಯುವ ಒಬ್ಬ ಚಾಲಕ. ಅವನು ಯಾರ ಮೇಲೆ ಯಾವ ಜುಲುಮೆ ಮಾಡಿದ್ದ? ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂದು ಕುರ್‌ಆನ್ ಹಲವು ಕಡೆ ಹೇಳುವ ಮಾತಿನ ಮುಂದೆ ಈ ‘ರಕ್ಷಣೆ’ ಒಂದು ಕ್ಷಣವೂ ನಿಲ್ಲದು. ಅದೇ ಮಾತಿನ ಮುಂದೆ, ಆ ಘಟನೆಯ ನಂತರ ತೀರ್ಥಹಳ್ಳಿಯ ಒಂದೊಂದು ಮುಸ್ಲಿಂ ಮನೆಯನ್ನೂ ಅನುಮಾನದ ಕಣ್ಣಿನಿಂದ ನೋಡಿದ ನಮ್ಮ ಸಮಾಜವೂ ನಿಲ್ಲಲಾರದು.

ಇದರ ವಿರುದ್ಧ ತುದಿಯಲ್ಲಿ ಮೌನದ ಪಂಥ ಇದೆ. ನೆಲದಲ್ಲಿ ದೊರೆಯೇ ಇಲ್ಲದ ಒಂದು ರಾತ್ರಿಗಿಂತ ದುಷ್ಟ ದೊರೆಯ ಅರುವತ್ತು ವರ್ಷ ವಾಸಿ ಎಂಬರ್ಥದ ಮಾತು ಮಧ್ಯಯುಗದ ಗ್ರಂಥಗಳಲ್ಲಿದೆ. ಯುದ್ಧಗಳನ್ನು ಕಂಡು ಬೇಸತ್ತವರ ಮಾತು, ಅರ್ಥವಾಗುತ್ತದೆ. ಕೊಲ್ಲಿ ದೇಶಗಳ ಅರಸರಿಗೆ ಇದು ಇಂದಿಗೂ ಇಷ್ಟ. ಆದರೆ ಬಾಂಬ್ ಇಲ್ಲದೆಯೂ ಮೌನ ಇಲ್ಲದೆಯೂ ಬದುಕಿ ತೋರಿಸಿದವರು ನಮ್ಮ ಉಪಖಂಡದಲ್ಲೇ ಇದ್ದಾರಲ್ಲ. 1922ರಲ್ಲಿ ಕಲ್ಕತ್ತಾದ ನ್ಯಾಯಾಲಯದಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್, ದಬ್ಬಾಳಿಕೆಯ ಸರ್ಕಾರವನ್ನು ದಬ್ಬಾಳಿಕೆ ಎಂದು ಹೇಳುವುದು ಮುಸ್ಲಿಮನಾಗಿ ತನ್ನ ಕರ್ತವ್ಯ ಎಂದು ವಾದಿಸಿ ಒಂದು ವರ್ಷದ ಸಜೆ ಪಡೆದರು. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರು ಆಯುಧವಿಲ್ಲದೆ ಗುಂಡಿಗೆ ಎದೆಯೊಡ್ಡಿದರು. ಅಲ್ಲಿ ಗುಂಡು ಹಾರಿಸಲು ಒಪ್ಪದೆ ಶಿಕ್ಷೆ ಉಂಡವರು ಗಢವಾಲಿ ಪಲ್ಟನ್ನಿನ ಹಿಂದೂ ಸಿಪಾಯಿಗಳು. ಗೋಪಾಲಗೌಡರೂ ಗಣಪತಿಯಪ್ಪನವರೂ ಕಾಗೋಡಿನಲ್ಲಿ ಹಿಡಿದ ದಾರಿ ಇದಕ್ಕೆ ದೂರದ್ದಲ್ಲ. ಅಲ್ಲಿ ತಕ್ಷಣದ ಗೆಲುವು ಸಿಗಲಿಲ್ಲ, ಎಷ್ಟೋ ಗೇಣಿದಾರರು ಜಮೀನು ಕಳೆದುಕೊಂಡರು. ಆದರೆ ಮರುವರ್ಷವೇ ಸಾಗರ–ಹೊಸನಗರ ಕ್ಷೇತ್ರ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು, 1974ರ ಮಾರ್ಚ್ 1ರಿಂದ ಜಾರಿಯಾದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೇ ಕೊನೆಗಾಣಿಸಿತು. ಗೋಪಾಲಗೌಡರು ಅದನ್ನು ನೋಡಲಿಲ್ಲ. ಅವರು 1972ರಲ್ಲೇ ತೀರಿಕೊಂಡಿದ್ದರು.

ಒಂದೇ ಕೊಳಗ ಎಂದ ಮೇಲೆ ಮುಸ್ಲಿಂ ಅರಸರನ್ನೂ ಅದರಲ್ಲೇ ಅಳೆಯಬೇಕು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದು ಸೂರೆ ಮಾಡಿದ, ರಾಣಿ ವೀರಮ್ಮಾಜಿಯನ್ನು ಮಧುಗಿರಿಗೆ ಸೆರೆಗೆ ಕಳಿಸಿದ. ಟಿಪ್ಪು 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಹಿಡಿತರಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಇವೆರಡೂ ಈ ಪರಂಪರೆಯದೇ ಮಾತಿನಲ್ಲಿ ಅನ್ಯಾಯ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಅದೇ ಟಿಪ್ಪು ನೊಂದು ಪತ್ರ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕಳಿಸಿದ. ಅದೂ ನಿಜ, ಅದು ಕರ್ತವ್ಯ. ಇವುಗಳಲ್ಲಿ ಒಂದನ್ನು ಇನ್ನೊಂದರ ಎದುರು ಜಮಾ–ಖರ್ಚು ಮಾಡಿ ಸೊನ್ನೆ ತರುವ ಆಟ ನಮ್ಮಲ್ಲಿ ಟಿಪ್ಪು ಜಯಂತಿಯ ಹೊತ್ತಿಗೆ ಪ್ರತಿ ನವೆಂಬರಿನಲ್ಲೂ ನಡೆಯುತ್ತದೆ; ಅದರಲ್ಲಿ ನನಗೆ ಆಸಕ್ತಿ ಇಲ್ಲ.

ಕಾಗೋಡು ಸತ್ಯಾಗ್ರಹದ ಮೇಲೆ ಪುಸ್ತಕ ಬರೆದವರು ಉಡುಪಿಯ ವಿಮರ್ಶಕ ಜಿ. ರಾಜಶೇಖರ. ಮುಂದೆ ಅವರೇ ದಶಕಗಳ ಕಾಲ ಕರಾವಳಿಯ ಕೋಮುಗಲಭೆಗಳ ಜಾಡು ಹಿಡಿದು, ಮುಸ್ಲಿಮರ ಮೇಲೆ ನಡೆದ ದೌರ್ಜನ್ಯಗಳನ್ನು ದಾಖಲಿಸಿ, ಬೀದಿಯಲ್ಲಿ ನಿಂತು ಪ್ರತಿಭಟಿಸಿದರು. 2022ರಲ್ಲಿ ತೀರಿಕೊಂಡರು. ಗೇಣಿದಾರನ ಕೊಳಗದಿಂದ ಕರಾವಳಿಯ ಮುಸ್ಲಿಮನ ಮನೆಯವರೆಗೆ ಅವರು ಹೋದ ದಾರಿ ಎರಡು ಬೇರೆ ಕಾಳಜಿಗಳದ್ದು ಎಂದು ಅನೇಕರು ತಿಳಿದಿದ್ದಾರೆ. ನನಗೆ ಅದು ಒಂದೇ ಆಣೆಯಾಗಿ ಕಾಣುತ್ತದೆ. ಈಗ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ತಮ್ಮವರಲ್ಲದವರ ಹಕ್ಕಿಗಾಗಿ ಬೀದಿಗಿಳಿದ ಮುಸ್ಲಿಂ ಸಂಘಟನೆಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಎಷ್ಟಿವೆ? ಅಲ್ಪಸಂಖ್ಯಾತರಿಗೆ ತಲೆ ಉಳಿಸಿಕೊಳ್ಳುವುದೇ ಕಷ್ಟವಾಗಿರುವಾಗ ಈ ಪ್ರಶ್ನೆ ಕ್ರೂರ ಎನ್ನಬಹುದು. ಸ್ವಲ್ಪ ಕ್ರೂರವೇ. ಆದರೆ ಗುಡ್ಡದ ಮೇಲಿನ ಕೂಗಿಗೆ ಓಗೊಡುತ್ತೇನೆ ಎಂದ ಪ್ರವಾದಿಯ ಹಿಂದೆ ನಡೆಯುವವರು ಈ ಪ್ರಶ್ನೆಗೆ ಮೈ ಒಡ್ಡಲೇಬೇಕು.

ಮನೆಯೊಳಗಿನ ಅಳತೆ ಇನ್ನೂ ಕಠಿಣ. ನಿನ್ನ ಸೋದರ ಅನ್ಯಾಯ ಮಾಡುವವನಾಗಲಿ ಅನ್ಯಾಯಕ್ಕೆ ಸಿಕ್ಕವನಾಗಲಿ ಅವನಿಗೆ ನೆರವಾಗು ಎಂದು ಪ್ರವಾದಿಯವರು ಹೇಳಿದಾಗ, ಅನ್ಯಾಯ ಮಾಡುವವನಿಗೆ ನೆರವಾಗುವುದು ಹೇಗೆ ಎಂದು ಕೇಳಿದವರಿಗೆ, ಅವನ ಕೈ ತಡೆಯುವುದೇ ನೆರವು ಎಂಬ ಉತ್ತರ ಸಿಕ್ಕಿತ್ತು. ಕುರ್‌ಆನಿನ 58ನೆಯ ಅಧ್ಯಾಯ ಹುಟ್ಟಿದ್ದೇ ಗಂಡನ ಅನ್ಯಾಯದ ಬಗ್ಗೆ ಪ್ರವಾದಿಯ ಎದುರು ವಾದಕ್ಕೆ ನಿಂತ ಒಬ್ಬ ಹೆಂಗಸಿನ ದೂರಿನಿಂದ. ತೀರ್ಪು ಅವಳ ಕಡೆಗೆ ಬಂತು. ಹೀಗಿದ್ದೂ ಕಾಸರಗೋಡಿನ ಮಗಳು ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು ವಿರೋಧ ಕಟ್ಟಿಕೊಂಡಾಗ, ಹೆಂಗಸರಿಗೂ ಮಸೀದಿಯಲ್ಲಿ ನಮಾಜಿನ ಹಕ್ಕಿದೆ ಎಂದದ್ದಕ್ಕೆ ಹಾಸನದ ಬಾನು ಮುಷ್ತಾಕ್ 2000ದಲ್ಲಿ ಬಹಿಷ್ಕಾರ ಎದುರಿಸಿದಾಗ, ಆ ಸೋದರರ ಕೈ ತಡೆಯಲು ಎಷ್ಟು ಸೋದರರು ಬಂದರು? 2025ರಲ್ಲಿ ಬಾನು ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ಅಭಿನಂದನೆಯ ಬ್ಯಾನರ್‌ಗಳಿಗೇನೂ ಕೊರತೆ ಆಗಲಿಲ್ಲ.

ಇಲ್ಲಿಯವರೆಗೆ ಹೇಳಿದ ಅನ್ಯಾಯಗಳಲ್ಲೆಲ್ಲ ಎದುರಿಗೆ ಒಬ್ಬ ಮನುಷ್ಯ ಇದ್ದ: ಒಡೆಯ, ದೊರೆ, ಗಂಡ, ಆಸ್ ಇಬ್ನ್ ವಾಇಲ್. ಹೆಸರು ಹಿಡಿದು ಕೂಗಬಹುದಿತ್ತು. ಸಾಗರ, ಹೊಸನಗರದವರ ಪಾಲಿಗೆ ಬಂದ ಬಹುದೊಡ್ಡ ಅನ್ಯಾಯಕ್ಕೆ ಅಂಥ ಮುಖ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ ಗದ್ದೆ, ತೋಟ, ಊರುಗಳು ಮುಳುಗಿದವು. ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ಗಳಲ್ಲಿ ಆ ಬದುಕನ್ನು ಬರೆದಿಟ್ಟಿದ್ದಾರೆ. ನಾಡಿಗೆ ಬೆಳಕು ಕೊಟ್ಟವರನ್ನು ಲಾರಿಗಳಲ್ಲಿ ತುಂಬಿ ಕಾಡಿನಂಚಿಗೆ ತಂದು ಬಿಟ್ಟರು. ಆ ಜಮೀನಿನ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಇಂದಿಗೂ ಅರ್ಜಿ ಹಿಡಿದು ನಿಂತಿದ್ದಾರೆ. ಅರಣ್ಯ ಇಲಾಖೆ ಕಂದಾಯ ಇಲಾಖೆಯನ್ನು ತೋರಿಸುತ್ತದೆ, ಅದು ಸರ್ಕಾರವನ್ನು, ಸರ್ಕಾರ ನ್ಯಾಯಾಲಯವನ್ನು. ಯಾರೂ ಕೆಟ್ಟವರಲ್ಲ. ಯಾರ ಮೇಲೆ ಕೂಗುವುದು?

ಜನ ಸಾಮಾನ್ಯವಾಗಿ ತಿಳಿದಿರುವುದಕ್ಕಿಂತ ಅನ್ಯಾಯದ ವ್ಯಾಪ್ತಿ ದೊಡ್ಡದು ಎಂದು ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನ್ ‘ಮುಕದ್ದಿಮಾ’ದಲ್ಲಿ ಬರೆದಿದ್ದ. ಆಸ್ತಿ ಕಿತ್ತುಕೊಳ್ಳುವುದಷ್ಟೇ ಅಲ್ಲ, ಬಿಟ್ಟಿ ದುಡಿಸಿಕೊಳ್ಳುವುದು, ಸಲ್ಲದ್ದನ್ನು ಕೇಳುವುದು, ಸಲ್ಲಬೇಕಾದ್ದನ್ನು ತಡೆಹಿಡಿಯುವುದು ಎಲ್ಲವೂ ಅದೇ. ಅದರಿಂದ ಹಾಳಾಗುವುದು ಇಡೀ ನಾಡು ಎಂಬುದು ಅವನ ವಾದ. ಅವನಿಗಿಂತ ಮುನ್ನೂರು ವರ್ಷ ಮೊದಲು ಬಾಗ್ದಾದಿನ ಮಾವರ್ದಿ, ಪ್ರಜೆಗಳ ದೂರು ಕೇಳುವ ಮಝಾಲಿಮ್ ನ್ಯಾಯಸ್ಥಾನ ಹೇಗೆ ನಡೆಯಬೇಕೆಂದು ಬರೆಯುವಾಗ ಅದರ ಬೇರು ಹಿಲ್ಫುಲ್ ಫುದೂಲ್‌ನಲ್ಲಿದೆ ಎಂದ. ಅಲ್ಲಿಗೆ ಬರುವ ವ್ಯವಹಾರಗಳ ಪಟ್ಟಿಯಲ್ಲಿ ಅವನು ಮೊದಲು ಇಟ್ಟದ್ದು ಅಧಿಕಾರಿಗಳು ಪ್ರಜೆಗಳ ಮೇಲೆ ನಡೆಸುವ ಅತಿಕ್ರಮ, ಎರಡನೆಯದು ತೆರಿಗೆಯ ಅನ್ಯಾಯ, ಮೂರನೆಯದು ಕಡತ ಬರೆಯುವ ಗುಮಾಸ್ತರ ನಡತೆ. ಈ ಮೂರರಲ್ಲಿ ನ್ಯಾಯಾಧಿಕಾರಿ ಯಾರಾದರೂ ದೂರು ತರುವ ತನಕ ಕಾಯಬೇಕಿಲ್ಲ, ತಾನೇ ಹೋಗಿ ತಪಾಸಣೆ ಮಾಡಬೇಕು ಎಂದು ಅವನು ಬರೆದ. ಶರಾವತಿಯ ಜನ ಮೂರು ತಲೆಮಾರಿನಿಂದ ದೂರು ಕೊಡುತ್ತಲೇ ಇದ್ದಾರೆ.